“ಥೇಟ್ ಫೋಟೋ!” ಅನ್ನೋದು ಹೊಗಳಿಕೆನಾ?

ಹಳೇ ಕುರ್ಚಿಯ ಚಿತ್ರ ಚೆನ್ನಾಗಿ ಬಂದಿದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು: “ಅಬ್ಬಾ, ಥೇಟ್ ಫೋಟೋ!” ನನ್ನ ಪ್ರಕಾರ ಆ ಮಾತು ಕಲಾವಿದರ ಅರ್ಧ ಕೆಲಸವನ್ನ ನುಂಗಿಹಾಕುತ್ತೆ.

ಅಮೆರಿಕದ ‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’ ನೋಡಿ. ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಕಲಾವಿದರಿಗೆ ಸರ್ಕಾರ ಸಂಬಳ ಕೊಟ್ಟು, 1935ರಿಂದ 1942ರವರೆಗೆ ಹಳೇ ಪೀಠೋಪಕರಣ, ಬೊಂಬೆ, ಬಟ್ಟೆಗಳ ಚಿತ್ರ ಬರೆಸಿತು. ಸುಮಾರು 18,000 ಚಿತ್ರ, ಹೆಚ್ಚಿನವು ಜಲವರ್ಣ. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಫೋಟೋ ಯಾಕೆ ತೆಗೆಸಲಿಲ್ಲ? ಆಗಿನ ಕಲರ್ ಫೋಟೋ ದುಬಾರಿ, ಬಣ್ಣವನ್ನೂ ನೆಚ್ಚೋ ಹಾಗಿರಲಿಲ್ಲ.

ಅದರಲ್ಲಿ ಶೇಕರ್ ಪಂಥದವರ (ಸರಳ ಬದುಕಿನ ಒಂದು ಕ್ರೈಸ್ತ ಪಂಥ) ಕುರ್ಚಿ ಸಿಕ್ಕರೆ ಮೊದಲು ಸೀಟು ನೋಡಿ. ನಮ್ಮ ನವಾರು ಮಂಚದ ಹಾಗೆ ಬಟ್ಟೆಪಟ್ಟಿ ಹೆಣೆದಿರ್ತಾರೆ. ಆದರೆ ಸೀಟು ಮುಂದೆ ಅಗಲ, ಹಿಂದೆ ಕಿರಿದು. ಹಾಗಾಗಿ ಎರಡೂ ಪಕ್ಕದಲ್ಲಿ ತ್ರಿಕೋನದಷ್ಟು ಜಾಗ ಉಳಿಯುತ್ತೆ, ಅದಕ್ಕೆ ತುಂಡುಪಟ್ಟಿ ಸೇರಿಸಿ ತುಂಬ್ತಾರೆ. ಚದುರಂಗದ ಮನೆ ಹಾಗೆ ಸಮಸಮ ಚೌಕ ಎಳೆದುಬಿಟ್ಟಿದ್ರೆ, ಬರೆದವರಿಗೆ ಹೆಣಿಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಆಮೇಲೆ ಒರಗುಪಟ್ಟಿಗಳು. ಅವು ಬೆನ್ನಿಗೆ ತಕ್ಕಂತೆ ಬಾಗಿರುತ್ತವೆ, ತುದಿಗಳು ಮೇಲಕ್ಕೆ ಚಾಚಿದ ಹಿಂಗಾಲಿನಲ್ಲಿ ಕೊರೆದ ಕಿಂಡಿಯೊಳಗೆ ಹೋಗುತ್ತವೆ. ಆ ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಕಪ್ಪುಗೆರೆ ಇದ್ರೆ ಮಾತ್ರ ಪಟ್ಟಿ ಒಳಗೆ ಹೋಗಿದೆ ಅನ್ಸುತ್ತೆ. ಇಲ್ಲದಿದ್ರೆ ಅಂಟಿಸಿದ ಹಾಗೆ ಕಾಣುತ್ತೆ. ಆ ಹಿಂಗಾಲಿನ ಮೇಲ್ತುದಿಯಲ್ಲಿ ಕಡೆದ ಗುಬುಟು ಇರುತ್ತಲ್ಲ, ಅದರ ಸುತ್ತುಗೆರೆಗಳು ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ದುಂಡಗಾಗಬೇಕು. ಎಷ್ಟೋ ಜನ ಎಡವೋದು ಇಲ್ಲೇ.

ಬಣ್ಣದ ವಿಷಯ. ಮರದ ಹೊಳಪಿಗೆ ಬಿಳಿ ಬಳಿಯೋದಲ್ಲ, ಕಾಗದವನ್ನೇ ಖಾಲಿ ಬಿಡಬೇಕು. ಉಳಿದದ್ದು ತೆಳು ಪದರದ ಮೇಲೆ ತೆಳು ಪದರ. ಕೆಳಗಿನದು ಒಣಗೋ ಮುಂಚೆ ಕುಂಚ ಆಡಿಸಿದ್ರೆ ಅದೂ ಎದ್ದು ಬಂದು ಕೆಸರಾಗುತ್ತೆ. ಸವೆತ ಎಲ್ಲಿದೆ ಅಂತಲೂ ನೋಡಿ: ಕೈ ಆಡೋ ಕಡೆ, ಪಾದ ಊರೋ ಅಡ್ಡಕೋಲಿನ ಮೇಲೆ ಬಣ್ಣ ಹೋಗಿರ್ಬೇಕು, ಮೂಲೆಮೂಲೆಯಲ್ಲೆಲ್ಲ ಅಲ್ಲ.

ಒಂದು ತಕರಾರು ಇದೆ. ಹಿನ್ನೆಲೆ ಖಾಲಿ ಬಿಡೋದರಿಂದ ಗಾತ್ರ ತಿಳಿಯಲ್ಲ. ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನಾನ್‌ನಲ್ಲಿದ್ದ ಶೇಕರ್‌ಗಳ ಕಾರ್ಖಾನೆ 0ರಿಂದ 7ರವರೆಗಿನ ಅಳತೆಗಳಲ್ಲಿ ಕುರ್ಚಿ ಮಾಡ್ತಿತ್ತು, 0 ಪುಟ್ಟ ಮಕ್ಕಳದ್ದು. ಚಿತ್ರದಲ್ಲಿ ಎಲ್ಲವೂ ಒಂದೇ! ಸೀಟಿನ ಪಟ್ಟಿಗಳನ್ನ ಎಣಿಸಿದ್ರೆ ಸ್ವಲ್ಪ ಅಂದಾಜು ಸಿಗುತ್ತೆ. ಗ್ಯಾಲರಿಯ ಜಾಲತಾಣದಲ್ಲಿ ಎಷ್ಟೋ ಚಿತ್ರಗಳ ಜೊತೆ ಮೂಲ ವಸ್ತುವಿನ ಅಳತೆಯೂ ಇದೆ, ಅದನ್ನ ಮೊದಲು ಓದಿಕೊಳ್ಳಿ.