ಕಲಬುರಗಿ ಬಿಸಿಲಿನಲ್ಲಿ ಹಾವಿನ ಪೆಟ್ಟಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ ಒಂದು ಹಾವಿದೆ. ಹೆಸರು ಉಂಡಿ. ಬಾಲ್ ಪೈಥಾನ್ ಜಾತಿಯದ್ದು. ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯ ಹಾವು, ವಿಷ ಇಲ್ಲ. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು, ಮೈಯನ್ನೆಲ್ಲ ಸುತ್ತಿ ಗುಂಡಗಾಗಿಬಿಡುತ್ತದೆ. ಮೊದಲ ಸಲ ಅದು ಹಾಗೆ ಕೂತದ್ದನ್ನು ನೋಡಿ ಅವ್ವ, 'ಪಂಚಮಿ ಉಂಡಿ ಆಗ್ಯದ ನೋಡು' ಅಂದಳು. ಆ ಹೆಸರೇ ಉಳಿಯಿತು.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ಹೊಲಗಳಲ್ಲಿ ಕಾಣುವ ನಾಗರಹಾವು, ಕೇರೆಹಾವು, ಮಣ್ಣುಮುಕ್ಕ ಹಾವು, ನಮ್ಮ ಕಾಡಿನ ಹೆಬ್ಬಾವು, ಇವನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್‌ನಂಥ ಹೊರದೇಶದ ಪ್ರಾಣಿ ಇದ್ದರೆ ಅದನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. 2024ರಲ್ಲಿ ಇದಕ್ಕೆ ನಿಯಮ ಬಂದಿದೆ. ಕಾಗದಪತ್ರ ಇಲ್ಲದೆ ಮಾರುವವರ ಹತ್ತಿರ ಹಾವು ಕೊಳ್ಳಲೇಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ಹಾವಿನ ಮೈಯಲ್ಲಿ ನಮ್ಮ ಹಾಗೆ ಬಿಸಿ ಹುಟ್ಟುವುದಿಲ್ಲ. ಅದು ಎಲ್ಲಿ ಮಲಗುತ್ತದೋ ಆ ಜಾಗದ ಬಿಸಿಯೇ ಅದರ ಮೈ ಬಿಸಿ. ತಿಂದದ್ದು ಅರಗಬೇಕಾದರೂ ಹೊರಗಿನ ಬಿಸಿಯೇ ಬೇಕು. ಚಳಿಗಾಲದಲ್ಲಿ ನಮ್ಮ ಅಜ್ಜ ಬೆಳಿಗ್ಗೆ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕೂರುತ್ತಿದ್ದ. ಬಿಸಿಲು ಚುರುಕಾದ ಹಾಗೆ ಬೇವಿನ ಮರದ ನೆರಳಿಗೆ ಸರಿಯುತ್ತಿದ್ದ. ಹಾವು ದಿನವಿಡೀ ಮಾಡುವುದು ಅದನ್ನೇ. ಅದಕ್ಕೇ ಪೆಟ್ಟಿಗೆಯ ಒಂದು ಮಗ್ಗಲು ಬೆಚ್ಚಗಿರಬೇಕು, ಇನ್ನೊಂದು ಮಗ್ಗಲು ತಂಪಿರಬೇಕು. ಬಾಲ್ ಪೈಥಾನ್‌ಗೆ ಬೆಚ್ಚಗಿನ ಕಡೆ 31ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪಿನ ಕಡೆ 25ರಿಂದ 27. ಅಮೆರಿಕದ ಕಾರ್ನ್ ಸ್ನೇಕ್‌ಗೆ ಇದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಎರಡೂ ಕಡೆ ಅಡಗಿ ಕೂರಲು ಗೂಡು ಬೇಕು. ಒಂದೇ ಕಡೆ ಗೂಡು ಇಟ್ಟರೆ, ಹೆದರಿದ ಹಾವು ಬಿಸಿಯಾದರೂ ಅದೇ ಗೂಡಿನಲ್ಲಿ ಕೂತುಬಿಡುತ್ತದೆ.

ನಾನು ಹಾವು ತಂದ ಹೊಸದರಲ್ಲಿ ಓದಿದ್ದೆಲ್ಲ ಚಳಿ ದೇಶದವರು ಬರೆದದ್ದು. ಪೆಟ್ಟಿಗೆಯ ಕೆಳಗೆ ಕರೆಂಟಿನಿಂದ ಕಾಯುವ ಹಾಸು, ಅಂದರೆ ಹೀಟ್ ಮ್ಯಾಟ್ ಹಾಕಿ, ಬಲ್ಬ್ ಹಾಕಿ, ಬಿಸಿ ಕಡಿಮೆಯಾಗದ ಹಾಗೆ ನೋಡಿಕೊಳ್ಳಿ, ಹೀಗೇ. ಮ್ಯಾಟ್ ಮಾರಿದ ಅಂಗಡಿಯವರು ಇಪ್ಪತ್ನಾಲ್ಕು ತಾಸೂ ಹಚ್ಚಿಡಿ ಅಂದರು. ನಾನು ಹಾಗೇ ಮಾಡಿದೆ. ಏಪ್ರಿಲ್ ತಿಂಗಳು. ಅವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ಕೇಳಿದಳು: 'ಅಲ್ಲೋ ಯಪ್ಪಾ, ನಮಗೇ ಮೈ ಸುಡಲಕತ್ತದ. ಅದಕ್ಕ್ಯಾಕೋ ಮತ್ತ ಹೀಟರ್?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಗಾಜಿಗೆ ಅಂಟಿಸಿದ ಗಡಿಯಾರದಂಥ ಥರ್ಮಾಮೀಟರ್ 31 ತೋರಿಸುತ್ತಿತ್ತು, ನಾನು ಅದನ್ನೇ ನಂಬಿದ್ದೆ. ಮರುದಿನ ಉದ್ದ ವೈರಿನ ತುದಿಯಲ್ಲಿ ಬಿಸಿ ಅಳೆಯುವ ಮೊನೆ, ಅಂದರೆ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು, ಉಂಡಿ ಮಲಗುವ ಜಾಗದಲ್ಲೇ ಇಟ್ಟು ನೋಡಿದೆ. 37! ಗಾಜಿನ ಮೇಲಿನ ಮುಳ್ಳು ಗಾಜಿನ ಬಿಸಿ ಹೇಳುತ್ತಿತ್ತೇ ಹೊರತು ಹಾವಿನ ಹೊಟ್ಟೆಯ ಕೆಳಗಿನ ಬಿಸಿಯನ್ನಲ್ಲ. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಹೊಟ್ಟೆಯ ಕೆಳಗೆ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಎದ್ದು ಹೋಗುವುದಿಲ್ಲ, ಅಲ್ಲೇ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಆದ್ದರಿಂದ ಥರ್ಮೋಸ್ಟಾಟ್, ಅಂದರೆ ಬಿಸಿ ಮಿತಿ ಮುಟ್ಟಿದಾಗ ತಾನೇ ಕರೆಂಟ್ ನಿಲ್ಲಿಸುವ ಸಾಧನ, ಇಲ್ಲದ ಹೀಟ್ ಮ್ಯಾಟ್ ಬೇಡವೇ ಬೇಡ. ಬಿಸಿಯಾಗುವ ಕಲ್ಲು ಅಂತ ಮಾರುತ್ತಾರಲ್ಲ, ಅದೂ ಬೇಡ. ಥರ್ಮೋಸ್ಟಾಟಿನ ಪ್ರೋಬನ್ನು ಮ್ಯಾಟಿನ ಮೇಲೆ ಅಲುಗದ ಹಾಗೆ ಕಟ್ಟಿ. ಪ್ರೋಬ್ ಜಾರಿ ತಂಪು ಜಾಗಕ್ಕೆ ಬಿದ್ದರೆ, ಪೆಟ್ಟಿಗೆ ಇನ್ನೂ ತಣ್ಣಗಿದೆ ಅಂದುಕೊಂಡು ಅದು ಮ್ಯಾಟನ್ನು ಕಾಯಿಸುತ್ತಲೇ ಇರುತ್ತದೆ.

ಆದರೆ ನಮ್ಮ ಕಡೆ ಮಾರ್ಚ್ ಕೊನೆಯಿಂದ ಜೂನ್ ಮೊದಲ ಮಳೆಯವರೆಗೆ ಮ್ಯಾಟಿನ ಮಾತೇ ಬರುವುದಿಲ್ಲ. ಹೊರಗೆ 42, 43 ಇರುತ್ತದೆ. ಮೇಲಿನ ಅಂತಸ್ತಿನ ಆರ್‌ಸಿಸಿ ಕೋಣೆ ರಾತ್ರಿ ಹತ್ತು ಗಂಟೆಗೂ ಒಲೆಯ ಹಾಗೇ ಇರುತ್ತದೆ, ಹಗಲು ಕಾದ ಸ್ಲ್ಯಾಬ್ ರಾತ್ರಿ ಬಿಸಿ ಉಗುಳುತ್ತದೆ. ಬಾಲ್ ಪೈಥಾನ್‌ಗೆ 35 ದಾಟಿದರೆ ಕಷ್ಟ ಶುರು. 38, 40ರಲ್ಲಿ ತಪ್ಪಿಸಿಕೊಳ್ಳಲು ಜಾಗ ಇಲ್ಲದೆ ಸಿಕ್ಕಿಬಿದ್ದರೆ ಜೀವಕ್ಕೇ ಕುತ್ತು. ಕಲಬುರಗಿಯಲ್ಲಿ ಹಾವು ಸಾಕುವವರ ದೊಡ್ಡ ಕೆಲಸ ಬಿಸಿ ಕೊಡುವುದಲ್ಲ, ತಂಪು ಉಳಿಸುವುದು. ನಾನು ಇದನ್ನು ಕಲಿತದ್ದು ಉಂಡಿಗೆ ತ್ರಾಸು ಕೊಟ್ಟೇ.

ಕಳೆದ ವರ್ಷ ಮೇ ತಿಂಗಳು. ಆಳಂದದಲ್ಲಿ ಒಂದು ಮದುವೆ. ಬೆಳಿಗ್ಗೆ ಎಂಟಕ್ಕೆ ಹೊರಟೆವು. ಮ್ಯಾಟ್ ಆಫ್ ಮಾಡಿದ್ದೆ. ಕಿಟಕಿ ಮುಚ್ಚಿ, ಮೇಲಿನ ಕೋಣೆಯಲ್ಲಿ ಫ್ಯಾನ್ ಹಚ್ಚಿ ಹೋದೆ. ಫ್ಯಾನ್ ಇದೆಯಲ್ಲ ಅಂತ ಧೈರ್ಯ. ಸಂಜೆ ನಾಲ್ಕೂವರೆಗೆ ಬಂದು ಬಾಗಿಲು ತೆಗೆದರೆ ಮುಖಕ್ಕೆ ಝಳ ಹೊಡೆಯಿತು. ಪೆಟ್ಟಿಗೆಯ ತಂಪಿನ ಮಗ್ಗಲಿನಲ್ಲೇ 39 ಇತ್ತು. ಉಂಡಿ ಅರ್ಧ ಮೈಯನ್ನು ನೀರಿನ ಬಟ್ಟಲಿನಲ್ಲಿ ತುರುಕಿಕೊಂಡಿತ್ತು. ಮೂಗನ್ನು ಗಾಜಿಗೆ ಒತ್ತಿ ಒತ್ತಿ ಮುಖದ ಮುಂಭಾಗ ಕೆಂಪಾಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಎತ್ತಿಕೊಂಡರೆ ಯಾವಾಗಲೂ ಕೈಗೆ ಬಿಗಿಯಾಗಿ ಸುತ್ತಿಕೊಳ್ಳುವ ಹಾವು, ಅವತ್ತು ಒದ್ದೆ ಹಗ್ಗದ ಹಾಗೆ ಜೋತುಬಿತ್ತು. ನನಗೆ ಕೈಕಾಲೇ ಆಡಲಿಲ್ಲ.

ಫ್ರಿಜ್‌ನ ತಣ್ಣೀರು ಸುರಿಯೋಣ ಅನಿಸಿತು. ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ತಡೆದರು. ಐಸು, ತಣ್ಣೀರು ಬೇಡ, ಮೈ ಬಿಸಿ ಒಮ್ಮೆಲೇ ಇಳಿದರೆ ಆ ಪೆಟ್ಟನ್ನು ಅದು ತಡೆಯುವುದಿಲ್ಲ, ನಿಧಾನವಾಗಿ ಇಳಿಸು ಅಂದರು. ಕೆಳಗಿನ ನಡುಮನೆಗೆ ತಂದೆವು. ಅಲ್ಲಿ ನೆಲಕ್ಕೆ ಶಹಾಬಾದ್ ಪರ್ಸಿ ಹಾಸಿದೆ, ಬೇಸಿಗೆಯಲ್ಲೂ ಅದು ತಂಪು. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಹಾಸಿ ಅದರ ಮೇಲೆ ಮಲಗಿಸಿದೆವು. ಆಮೇಲೆ ಅಗಲ ತಾಟಿನಲ್ಲಿ ಸಾಧಾರಣ ಕೊಡದ ನೀರು, ಒಂದು ಬೆರಳು ಆಳ. ತಲೆ ಮುಳುಗದ ಹಾಗೆ ನಾನು ಕೈ ಇಟ್ಟುಕೊಂಡೇ ಕೂತಿದ್ದೆ. ಮುಕ್ಕಾಲು ಗಂಟೆ ಆದ ಮೇಲೆ ಅದು ನಾಲಿಗೆ ಹೊರಗೆ ಹಾಕಿತು. ಮೆಲ್ಲಗೆ ನನ್ನ ಹೆಬ್ಬೆರಳಿಗೆ ಸುತ್ತಿಕೊಂಡಿತು. ಅವ್ವ ಅಲ್ಲೇ ಗೋಡೆಗೆ ಒರಗಿ ಕೂತಿದ್ದವಳು ಕಣ್ಣು ಒರೆಸಿಕೊಂಡಳು.

ಎರಡು ವಾರ ತಿನ್ನಲು ಏನೂ ಕೊಡಬೇಡಿ, ನೀರು ಮಾತ್ರ ಸಾಕು ಅಂದಿದ್ದರು ವೈದ್ಯರು. ಆಮೇಲೆ ಕೊಟ್ಟರೂ ಅದು ತಿನ್ನಲಿಲ್ಲ. ಮಳೆ ಹಿಡಿದ ಮೇಲೆ, ಜೂನ್ ಕೊನೆಗೆ ತಿಂದಿತು. ಹಾವು ತಲೆಯನ್ನು ಹಿಂದಕ್ಕೆ ಬಾಗಿಸಿ ಆಕಾಶ ನೋಡುವ ಹಾಗೆ ಮಾಡುತ್ತಿದ್ದರೆ, ಅಂಗಾತ ಮಾಡಿದರೆ ತಾನಾಗಿ ತಿರುಗಿಕೊಳ್ಳದಿದ್ದರೆ, ಮನೆಯ ಉಪಚಾರ ನಂಬಿ ಕೂರಬೇಡಿ. ಕೂಡಲೇ ವೈದ್ಯರ ಹತ್ತಿರ ಹೋಗಿ.

ನಾನು ಅವತ್ತು ಫ್ಯಾನ್ ನಂಬಿದ್ದು ಯಾಕೆ ತಪ್ಪು ಅಂತ ಹೇಳಬೇಕು. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ನಮ್ಮ ಮೈ ಬೆವರು ಆ ಗಾಳಿಗೆ ಆರುತ್ತದೆ, ಅದಕ್ಕೆ ನಮಗೆ ತಂಪು ಅನಿಸುತ್ತದೆ. ಹಾವು ಬೆವರುವುದಿಲ್ಲ. 40 ಡಿಗ್ರಿ ಕೋಣೆಯಲ್ಲಿ ಫ್ಯಾನ್ ಹಚ್ಚಿದರೆ ಹಾವಿಗೆ ಬೀಸುವುದು ಬರೀ ಬಿಸಿಗಾಳಿ. ನೀರು ಆರುವ ಕಡೆ ಮಾತ್ರ ಗಾಳಿಯಿಂದ ತಂಪು. ನಮ್ಮ ಮಣ್ಣಿನ ಕೊಡದ ಗುಟ್ಟೂ ಅದೇ ಅಲ್ವಾ?

ಅದನ್ನು ಹಿಡಿದೇ ಅವ್ವ ಒಂದು ಉಪಾಯ ಮಾಡಿದಳು. ಹಿತ್ತಲಲ್ಲಿ ಬಾಯಿ ಒಡೆದ ಸಣ್ಣ ಕೊಡ ಇತ್ತು. ಅದರ ಚೂಪು ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿದೆವು. ಅದನ್ನು ಬೋರಲು ಹಾಕಿ, ಒಡೆದ ಕಡೆಯಿಂದ ಹಾವು ಒಳಗೆ ಹೋಗುವ ಹಾಗೆ, ಪೆಟ್ಟಿಗೆಯ ತಂಪಿನ ಮಗ್ಗಲಿನಲ್ಲಿ ಇಟ್ಟೆವು. ಕೊಡದ ಬೆನ್ನಿನ ಮೇಲೆ ಒದ್ದೆ ಬಟ್ಟೆ. ಪೆಟ್ಟಿಗೆಯ ಮುಚ್ಚಳ ಜಾಲರಿಯದು, ಗಾಳಿ ಆಡುತ್ತದೆ. ಒಂದು ಮಧ್ಯಾಹ್ನ ಪ್ರೋಬ್ ಇಟ್ಟು ನೋಡಿದೆ. ಕೋಣೆಯಲ್ಲಿ 36, ಕೊಡದ ಒಳಗೆ 30. ಉಂಡಿ ದಿನವೆಲ್ಲ ಅಲ್ಲೇ. ಎರಡು ಎಚ್ಚರ ಬೇಕು. ಕೊಡದ ಕೆಳಗಿನ ಹಾಸು ಒದ್ದೆಯಾಗಬಾರದು, ಸದಾ ಹಸಿಯಲ್ಲಿ ಮಲಗಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಬಟ್ಟೆಯನ್ನು ದಿನಾ ಒಗೆಯಬೇಕು. ಮಳೆಗಾಲದಲ್ಲಿ ಈ ಉಪಾಯ ನಡೆಯುವುದಿಲ್ಲ, ಗಾಳಿಯಲ್ಲೇ ಪಸೆ ಇರುತ್ತದೆ. ಆಗ ಅದು ಬೇಕಾಗುವುದೂ ಇಲ್ಲ ಬಿಡಿ.

ಯೋಚಿಸಿದರೆ ಇದು ಹಾವಿಗೆ ಹೊಸದೇನಲ್ಲ. ಬೇಸಿಗೆಯಲ್ಲಿ ನಮ್ಮ ಎರೆಹೊಲ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಾಗರಹಾವು ಆ ಬಿರುಕಿನಲ್ಲಿ, ಹೆಗ್ಗಣದ ಬಿಲದಲ್ಲಿ, ಹುತ್ತದಲ್ಲಿ ಹಗಲು ಕಳೆಯುತ್ತದೆ. ಆಫ್ರಿಕಾದಲ್ಲಿ ಬಾಲ್ ಪೈಥಾನ್ ಇರುವುದೂ ಇಲಿಯ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ. ಮೇಲೆ ನೆಲ ಕಾದರೂ ಒಳಗೆ ಮಣ್ಣು ತಂಪು. ಗಾಜಿನ ಪೆಟ್ಟಿಗೆಯಲ್ಲಿ ಆ ಒಳಗು ಇಲ್ಲ. ಅದನ್ನು ನಾವೇ ಮಾಡಿಕೊಡಬೇಕು.

ಬೇಸಿಗೆ ಬರುವ ಮೊದಲೇ ಪೆಟ್ಟಿಗೆಯನ್ನು ಕೆಳ ಅಂತಸ್ತಿಗೆ ತನ್ನಿ. ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು, ಅಲ್ಲೇ ಇಡಿ. ಕಿಟಕಿಯ ಹತ್ತಿರ ಬೇಡ. ಬೆಳಗಿನ ಎಳೆಬಿಸಿಲು ಬಿದ್ದರೂ ಗಾಜಿನ ಒಳಗೆ ಬಿಸಿ ಸರ‍್ರನೆ ಏರುತ್ತದೆ. ಕೋಣೆಗೆ ನೀರಿನ ಕೂಲರ್ ಹಚ್ಚಿದರೆ ಒಳ್ಳೆಯದು, ನಮ್ಮ ಒಣ ಬೇಸಿಗೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಗಾಳಿ ನೇರ ಹಾವಿನ ಮೇಲೆ ಬೇಡ. ಕರೆಂಟ್ ಹೋದರೆ ಅಂತ ಫ್ರೀಜರ್‌ನಲ್ಲಿ ಎರಡು ಬಾಟಲಿ ನೀರು ಗಡ್ಡೆ ಕಟ್ಟಿಸಿ ಇಡಿ. ಟವೆಲ್ ಸುತ್ತಿ ಪೆಟ್ಟಿಗೆಯ ಹೊರಗೆ, ತಂಪಿನ ಮಗ್ಗಲಿಗೆ ಒರಗಿಸಿ. ಒಳಗೆ ಹಾಕಬೇಡಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗಿ. ಹಾವು ಅಂದರೆ ಹೆದರುತ್ತಾರೆ, ನಿಜ. ನಮ್ಮ ಪಕ್ಕದ ಮನೆಯ ಕಾಕಾ ಪೆಟ್ಟಿಗೆ ಮುಟ್ಟುವುದಿಲ್ಲ. ಹೊರಗಿರುವ ಥರ್ಮಾಮೀಟರ್ ಡಬ್ಬಿಯಲ್ಲಿ ಕಾಣುವ ಅಂಕಿ ಓದಿ ನನಗೆ ಫೋನ್ ಮಾಡುತ್ತಾರೆ, ಅಷ್ಟೇ ಸಾಕು.

ಬೀದರಿನ ಕೇಳುಗರಿಗೆ ಒಂದು ಮಾತು. ನಿಮ್ಮದು ಎತ್ತರದ ಊರು, ಡಿಸೆಂಬರ್, ಜನವರಿಯ ರಾತ್ರಿ ಚಳಿ ಜಾಸ್ತಿ. ಆಗ ಮ್ಯಾಟ್ ಬೇಕೇ ಬೇಕು, ಥರ್ಮೋಸ್ಟಾಟ್ ಜೊತೆಗೆ. ಉಂಡ ಹಾವಿಗೆ ಬಿಸಿ ಸಾಲದಿದ್ದರೆ ಇಲಿ ಹೊಟ್ಟೆಯಲ್ಲೇ ಕೊಳೆತು, ಅದು ಕಕ್ಕಿಬಿಡುತ್ತದೆ. ಉಸಿರಿನಲ್ಲಿ ಗೊರಗೊರ ಸದ್ದು ಬಂದರೆ, ಬಾಯಲ್ಲಿ ನೊರೆಗುಳ್ಳೆ ಕಂಡರೆ ಎದೆಗೆ ನೆಗಡಿ ಇಳಿದಿದೆ ಅಂತ. ವೈದ್ಯರಿಗೆ ತೋರಿಸಿ.

ಹಾವು ಸಾಕಿರುವವರು ಇವತ್ತೇ ಒಂದು ಕೆಲಸ ಮಾಡಿ. ಪ್ರೋಬನ್ನು ಹಾವು ಮಲಗುವ ಜಾಗದಲ್ಲೇ ಇಡಿ. ಮಧ್ಯಾಹ್ನ ಮೂರಕ್ಕೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ, ಎರಡೂ ಮಗ್ಗಲಿನ ಅಂಕಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ನಮ್ಮ ಮನೆಯಲ್ಲಿ ಅದನ್ನು ಈಗ ಅವ್ವ ಬರೆಯುತ್ತಾಳೆ, ಹಾಲಿನ ಲೆಕ್ಕದ ಪಕ್ಕದಲ್ಲೇ.

ನಮಸ್ಕಾರ.