ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಮೊದಲು ಎಸ್‌ಎಂಪಿಎಸ್ ತೋರಿಸಿ

ಎಲ್ಲರಿಗೂ ನಮಸ್ಕಾರ, ಚಿಕ್ಕಮಗಳೂರಿನಿಂದ. ಕಳೆದ ವಿಡಿಯೋದ ಕೆಳಗೆ ಎಸ್‌ಎಂಪಿಎಸ್ ಬಗ್ಗೆ, ಅಂದರೆ ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಬಗ್ಗೆ, ಒಂದು ಕಮೆಂಟ್ ಬಂದಿದೆ. ಅದನ್ನು ಓದಿದ ಮೇಲೆ ಬೇರೆ ಯಾವ ವಿಷಯದ ಮೇಲೂ ಮಾತಾಡಲು ಮನಸ್ಸು ಬರಲಿಲ್ಲ. ಕೇಳಿ.

"ಅಣ್ಣ, ಮೂಡಿಗೆರೆ ಹತ್ತಿರ ನಮ್ಮೂರು. ಪಿಸಿ ಬಿಲ್ಡ್ ಮಾಡ್ತಾ ಇದೀನಿ. ಐ5-12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಫ್ರೀ ಬರುತ್ತೆ, 500 ವ್ಯಾಟ್. ಸಾಕಲ್ವಾ?"

ಅದಕ್ಕೆ ಇನ್ನೊಬ್ಬರ ಉತ್ತರ: "ಸಾಕು ಬ್ರೋ. ಎಸ್‌ಎಂಪಿಎಸ್‌ಗೆ ದುಡ್ಡು ಹಾಕಿದ್ರೆ ಎಫ್‌ಪಿಎಸ್ ಜಾಸ್ತಿ ಆಗಲ್ಲ."

ಎಫ್‌ಪಿಎಸ್ ಅಂದರೆ ಗೇಮ್‌ನಲ್ಲಿ ಒಂದು ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತದೆ ಅನ್ನುವ ಲೆಕ್ಕ. ಈ ಉತ್ತರಕ್ಕೆ ಲೈಕುಗಳ ಮೇಲೆ ಲೈಕು!

ಸಾಕಾಗಲ್ಲ ತಮ್ಮ. ಕ್ಯಾಬಿನೆಟ್ ಜೊತೆ ಫ್ರೀ ಬರುವ ಎಸ್‌ಎಂಪಿಎಸ್ ಯಾರಿಗೂ ಸಾಕಾಗಲ್ಲ. ಮೂಡಿಗೆರೆಯಲ್ಲಂತೂ ಸಾಧ್ಯವೇ ಇಲ್ಲ. ಈ ಚಾನೆಲ್‌ನಲ್ಲಿ ಮೊದಲಿಂದಲೂ ನಾನು ಹೇಳುತ್ತಿರುವುದು ಒಂದೇ: ಪಿಸಿ ಪಟ್ಟಿ ಬರೆಯಲು ಕೂತಾಗ ಮೊದಲ ಸಾಲಿನಲ್ಲಿ ಎಸ್‌ಎಂಪಿಎಸ್ ಬರೆಯಿರಿ. ಎಲ್ಲರೂ ಕೊನೆಯ ಸಾಲಿನಲ್ಲಿ ಬರೆಯುತ್ತಾರೆ. ಅಷ್ಟು ಹೊತ್ತಿಗೆ ದುಡ್ಡು ಖಾಲಿ. ಈಗ ರ‍್ಯಾಮ್ ಬೆಲೆ ಏರಿದ ಮೇಲಂತೂ ಮೊದಲು ಕತ್ತರಿ ಬೀಳುವುದು ಎಸ್‌ಎಂಪಿಎಸ್‌ಗೇ.

ಅದರ ಕೆಲಸ ಏನು ಅಂತ ಒಮ್ಮೆ ಯೋಚಿಸಿ. ಗೋಡೆಯ ಪ್ಲಗ್‌ನಿಂದ ಬರುವ 230 ವೋಲ್ಟಿನ ಎಸಿ ಕರೆಂಟನ್ನು 12 ವೋಲ್ಟ್, 5 ವೋಲ್ಟ್, 3.3 ವೋಲ್ಟಿನ ಡಿಸಿ ಮಾಡಿ ಒಳಗಿನ ಪ್ರತಿಯೊಂದು ಪಾರ್ಟಿಗೂ ಕೊಡುವುದು ಅದೊಂದೇ. ನಿಮ್ಮ ಮದರ್‌ಬೋರ್ಡ್, ಎಸ್‌ಎಸ್‌ಡಿ, ಆಸೆಪಟ್ಟು ತಂದ ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಅದಕ್ಕೇ ಕಚ್ಚಿಕೊಂಡಿವೆ. ಅದು ಕೆಟ್ಟರೆ ಒಂದೇ ಕೆಡುತ್ತದಾ? ಒಳ್ಳೆಯದಾದರೆ ತಾನೊಂದೇ ಆಫ್ ಆಗಿ ಉಳಿದದ್ದನ್ನು ಕಾಪಾಡುತ್ತದೆ. ಕಳಪೆಯದಾದರೆ 12 ವೋಲ್ಟ್ ಹೋಗಬೇಕಾದ ಕಡೆ ಅದಕ್ಕಿಂತ ಜಾಸ್ತಿ ಕಳಿಸಿ, ಹೋಗುವಾಗ ಜೊತೆಗೆ ಎಲ್ಲವನ್ನೂ ಕರೆದುಕೊಂಡು ಹೋಗುತ್ತದೆ.

ಈಗ ನಮ್ಮ ಊರಿನ ಕರೆಂಟ್ ವಿಷಯಕ್ಕೆ ಬರೋಣ. ಯೂಟ್ಯೂಬಿನಲ್ಲಿ ಇಂಗ್ಲಿಷ್ ವಿಡಿಯೋ ನೋಡಿ ಪಟ್ಟಿ ಮಾಡುವವರು ಇದನ್ನು ಗಮನಿಸುವುದೇ ಇಲ್ಲ. ಆ ವಿಡಿಯೋ ಮಾಡಿದವರ ಮನೆ ಪಕ್ಕ ಕಾಫಿ ತೋಟ ಇಲ್ಲ. ಫೆಬ್ರವರಿ, ಮಾರ್ಚ್ ಬಂತು ಅಂದರೆ ನಮ್ಮಲ್ಲಿ ಸ್ಪ್ರಿಂಕ್ಲರ್ ಶುರು. ಒಂದೇ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ಸಾಲು ಸಾಲು ಮೋಟಾರ್. ಒಂದು ಆನ್ ಆದ ಕೂಡಲೇ ಮನೆ ಬಲ್ಬ್ ಡಿಮ್ ಆಗುತ್ತದೆ, ಆಫ್ ಆದಾಗ ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ. ಆಮೇಲೆ ಬ್ಲಾಸಂ ಮಳೆ. ಹೂವಿಗೆ ಒಳ್ಳೆಯದು, ತೋಟದವರಿಗೆ ಸಂತೋಷ, ಆದರೆ ಅದು ಬರುವುದೇ ಗುಡುಗು ಸಿಡಿಲಿನ ಜೊತೆ. ಅಶ್ವಿನಿ, ಭರಣಿ ಮಳೆ ಮುಗಿಯುವವರೆಗೂ ಸಂಜೆಯಾದರೆ ಆಕಾಶ ನೋಡಬೇಕು. ಜುಲೈ, ಆಗಸ್ಟಿನಲ್ಲಿ ಲೈನ್ ಮೇಲೆ ಮರ ಬೀಳುತ್ತದೆ. ಕೊಪ್ಪ, ಶೃಂಗೇರಿ, ಕೊಟ್ಟಿಗೆಹಾರ, ಸಕಲೇಶಪುರದ ಕಡೆಯವರಿಗೆ ಇದನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನೂ ಕೆಟ್ಟದ್ದು ನ್ಯೂಟ್ರಲ್ ಹೋಗುವುದು. ಕಂಬದಲ್ಲಿ ನ್ಯೂಟ್ರಲ್ ವೈರ್ ಕಳಚಿದರೆ ಕೆಲವು ಮನೆಗಳಿಗೆ 230ರ ಬದಲು 300ಕ್ಕಿಂತ ಮೇಲೆ ವೋಲ್ಟೇಜ್ ನುಗ್ಗಬಹುದು. ಟಿವಿ, ಫ್ರಿಜ್, ಮಿಕ್ಸಿ ಒಂದೇ ಹೊತ್ತಿಗೆ ಹೋದ ಮನೆಗಳು ಪ್ರತಿ ಊರಲ್ಲೂ ಇವೆ. ಅಂಥ ಹೊತ್ತಿನಲ್ಲಿ ನಿಮ್ಮ ಪಿಸಿಯ ಒಳಗೆ ಫ್ಯೂಸ್, ಸರ್ಜ್ (ದಿಢೀರ್ ಏರುವ ವೋಲ್ಟೇಜ್) ತಡೆಯುವ ಎಂಒವಿ ಅನ್ನುವ ಪಾರ್ಟ್, ವೋಲ್ಟೇಜ್ ಮೀರಿದರೆ ಆಫ್ ಮಾಡುವ ಸರ್ಕ್ಯೂಟ್ ಇವೆಲ್ಲ ಸರಿಯಾಗಿ ಇರಬೇಕು. ಖರ್ಚು ಉಳಿಸಲು ಕಳಪೆ ಎಸ್‌ಎಂಪಿಎಸ್‌ನಲ್ಲಿ ಮೊದಲು ಬಿಟ್ಟುಬಿಡುವುದೇ ಇವನ್ನು! ಬೋರ್ಡ್ ಮೇಲೆ ಜಾಗ ಇರುತ್ತದೆ, ಹೆಸರೂ ಅಚ್ಚಾಗಿರುತ್ತದೆ, ಪಾರ್ಟ್ ಮಾತ್ರ ಇರುವುದಿಲ್ಲ.

"500 ವ್ಯಾಟ್ ಅಂತ ಬರೆದಿದೆಯಲ್ಲ?" ಬರೆದಿದೆ. ಸ್ಟಿಕ್ಕರ್ ಮೇಲೆ ಏನು ಬೇಕಾದರೂ ಬರೆಯಬಹುದು. ದೊಡ್ಡ ಅಕ್ಷರ ಬಿಡಿ, ಪಕ್ಕದ ಚಿಕ್ಕ ಟೇಬಲ್ ನೋಡಿ. ಅದರಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಇದೆ? 16 ಎಂದಿದ್ದರೆ 12 ಇಂಟು 16, ಅಂದರೆ 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ನಡೆಯುವುದು ಮುಖ್ಯವಾಗಿ ಈ 12 ವೋಲ್ಟಿನಲ್ಲೇ. ತಮ್ಮ ಹೇಳಿದ 12400ಎಫ್ ಟರ್ಬೋದಲ್ಲಿ 117 ವ್ಯಾಟ್‌ವರೆಗೆ ಎಳೆಯುತ್ತದೆ. 4060 ಕಾರ್ಡ್ 115. ಎರಡೇ ಸೇರಿ 232. ಡಬ್ಬಿ ಕೊಡುವುದು 192! ಅದೇ ನಿಜವಾದ 550 ವ್ಯಾಟಿನದರಲ್ಲಿ 12 ವೋಲ್ಟ್ ಸಾಲಿನಲ್ಲಿ 45 ಆಂಪಿಯರ್ ಹತ್ತಿರ ಇರುತ್ತದೆ. ಅಂದರೆ 540 ವ್ಯಾಟ್. ಸ್ಟಿಕ್ಕರ್ ಮೇಲೆ 50 ವ್ಯಾಟಿನ ವ್ಯತ್ಯಾಸ, ಒಳಗೆ ಭೂಮಿ ಆಕಾಶದ ವ್ಯತ್ಯಾಸ.

ಇನ್ನೊಂದು. ಆ ಫ್ರೀ ಡಬ್ಬಿಗಳಲ್ಲಿ ಎಷ್ಟೋ ಸಲ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 8 ಪಿನ್ನಿನ ಕೇಬಲ್ಲೇ ಇರುವುದಿಲ್ಲ. ಅಂಗಡಿಯವರು ಮೋಲೆಕ್ಸ್ ಅನ್ನುವ ಹಳೇ 4 ಪಿನ್ನಿನ ಕನೆಕ್ಟರಿಗೆ ಒಂದು ಕನ್ವರ್ಟರ್ ಸಿಕ್ಕಿಸಿ ಕೊಡುತ್ತಾರೆ. ಅದು ಬಿಸಿಯಾಗಿ ಕರಗಿದ ಫೋಟೋ ನನ್ನ ಟೆಲಿಗ್ರಾಂ ಗುಂಪಿಗೆ ಬರುತ್ತಲೇ ಇರುತ್ತವೆ. ಗುಂಪಿನ ಲಿಂಕ್ ಕೆಳಗಿದೆ, ಸೇರಿಕೊಳ್ಳಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರು ಇದ್ದಾರೆ. ಹಳೇ ಪಾರ್ಟ್ ಮಾರುವುದು, ಕೊಳ್ಳುವುದೂ ಅಲ್ಲೇ ನಡೆಯುತ್ತದೆ.

ಈಗ ಯುಪಿಎಸ್ ಇರುವವರು. "ನಮ್ಮನೇಲಿ ಯುಪಿಎಸ್ ಇದೆ, ಎಸ್‌ಎಂಪಿಎಸ್ ಯಾವುದಾದರೇನು?" ಇದನ್ನು ಕೇಳಿ ಕೇಳಿ ಸಾಕಾಗಿದೆ. ಸರಿಯಾಗಿ ಕೇಳಿಸಿಕೊಳ್ಳಿ. ಕರೆಂಟ್ ಹೋದಾಗ ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಹೆಚ್ಚೆಂದರೆ 10ರ ಆಸುಪಾಸು. ಅಷ್ಟು ಹೊತ್ತು ಪಿಸಿಯನ್ನು ಯಾರು ನಡೆಸಬೇಕು? ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್. ಇದಕ್ಕೆ ಹೋಲ್ಡ್ ಅಪ್ ಟೈಮ್ ಅನ್ನುತ್ತಾರೆ. ಎಟಿಎಕ್ಸ್ ಅನ್ನುವ ಪಿಸಿ ಪಾರ್ಟುಗಳ ನಿಯಮ ಕೇಳುವುದು ಸುಮಾರು 17 ಮಿಲಿಸೆಕೆಂಡ್. ಒಳ್ಳೆಯದರಲ್ಲಿ ಇದು ಆರಾಮಾಗಿ ಸಿಗುತ್ತದೆ. ಕಳಪೆಯದರಲ್ಲಿ ಕೆಪಾಸಿಟರ್ ಪುಟ್ಟದು, ಯುಪಿಎಸ್ ಏಳುವ ಮೊದಲೇ ಖಾಲಿ. ಪಿಸಿ ರೀಸ್ಟಾರ್ಟ್. ನೀವು ಯುಪಿಎಸ್ ಸರಿ ಇಲ್ಲ ಅಂತ ಬೈದು ಬ್ಯಾಟರಿ ಬದಲಿಸುತ್ತೀರಿ. ಆಮೇಲೆ ಯುಪಿಎಸ್ಸನ್ನೇ ಬದಲಿಸುತ್ತೀರಿ. ಅಪರಾಧಿ ಕ್ಯಾಬಿನೆಟ್ ಒಳಗೆ ಕೂತಿದ್ದಾನೆ, ಮಾರಾಯರೇ!

ಇನ್ವರ್ಟರ್ ಮೇಲೆ ಪಿಸಿ ಓಡಿಸುವವರೂ ನೋಡಿ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬೇಗ ಬದಲಾಗುತ್ತದೆ. ಲೈನಿನ ಕರೆಂಟಿನಂಥದ್ದೇ ಅಲೆ ಕೊಡುವ ಸೈನ್ ವೇವ್ ಇನ್ವರ್ಟರೇ ಇರಲಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ, ಗೋಡೆಯಿಂದ ಕರೆಂಟನ್ನು ಸಮವಾಗಿ ಎಳೆಯುವ ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ತಕರಾರು ಮಾಡುತ್ತವೆ.

ಲೋ ವೋಲ್ಟೇಜ್ ಇರುವ ಊರಿನವರು ಲೇಬಲ್‌ನಲ್ಲಿ ಇನ್ನೊಂದು ಸಾಲು ನೋಡಬೇಕು. ಇನ್‌ಪುಟ್ 100-240 ವೋಲ್ಟ್ ಎಂದಿದೆಯಾ, ಅಥವಾ 200-240 ಮಾತ್ರವಾ? ನಮಗೆ ಬೇಕಾದದ್ದು 100-240. ಸಂಜೆ ಏಳು ಗಂಟೆಗೆ ವೋಲ್ಟೇಜ್ 170ಕ್ಕೆ ಇಳಿದರೂ ಅದು ಕೆಲಸ ಮಾಡುತ್ತದೆ. ಈ ಒಂದು ಸಾಲನ್ನು ಯಾವ ಗೇಮಿಂಗ್ ಚಾನೆಲ್ ನಿಮಗೆ ಹೇಳಿದೆ? ಹೇಳಿದ್ದು ನಾವು. ಸಬ್‌ಸ್ಕ್ರೈಬ್ ಮಾಡಿ, ಕನ್ನಡದಲ್ಲಿ ಇದನ್ನು ಹೇಳುವವರು ಉಳಿಯಬೇಕು ಅಲ್ವಾ?

ಆಮೇಲೆ ಗೋಲ್ಡ್, ಬ್ರಾಂಜ್ ಭಕ್ತರು. 80 ಪ್ಲಸ್ ಅನ್ನುವ ಸ್ಟಿಕ್ಕರ್ 2004ರಲ್ಲಿ ಶುರುವಾದದ್ದು. ಗೋಲ್ಡ್, ಬ್ರಾಂಜ್ ಎಲ್ಲ ಅದರ ದರ್ಜೆಗಳು. ಅದು ಅಳೆಯುವುದು ಮುಖ್ಯವಾಗಿ ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು. ಸಿಡಿಲು, ಸರ್ಜ್, ಶಾರ್ಟ್ ಸರ್ಕ್ಯೂಟ್ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. 2021ರಲ್ಲಿ ಗಿಗಾಬೈಟ್ ಕಂಪನಿಯ ಪಿ750ಜಿಎಂ, ಪಿ850ಜಿಎಂ ಮಾಡೆಲ್‌ಗಳ ಕಥೆ ನೆನಪಿದೆಯಾ? ಎರಡೂ ಗೋಲ್ಡ್. ಪರೀಕ್ಷೆಯಲ್ಲಿ ಮಿತಿ ಮೀರಿ ಲೋಡ್ ಹಾಕಿದಾಗ ಸಿಡಿದವು. ಓವರ್ ಪವರ್ ಆದಾಗ ಆಫ್ ಆಗುವ ಮಿತಿ ಶೇಕಡಾ 120ರಿಂದ 150ರವರೆಗೆ ಇತ್ತು. ಆಮೇಲೆ ಕಂಪನಿ ಅದನ್ನು 110ರಿಂದ 120ಕ್ಕೆ ಇಳಿಸಿ, ಹಳೆಯದನ್ನು ಬದಲಿಸಿಕೊಡಲು ಒಪ್ಪಿತು. ಹಾಗಾಗಿ ಕಂಪನಿ ಹೆಸರು ನೋಡಿ ಕೊಳ್ಳಬೇಡಿ, ಸ್ಟಿಕ್ಕರ್ ಬಣ್ಣ ನೋಡಿಯೂ ಕೊಳ್ಳಬೇಡಿ. ಆ ಮಾಡೆಲ್ ಹೆಸರು ಹಾಕಿ ಅದನ್ನು ಬಿಚ್ಚಿ ಪರೀಕ್ಷೆ ಮಾಡಿದ ವಿಮರ್ಶೆ ಹುಡುಕಿ. ವಾರಂಟಿ ನೋಡಿ. ಐದು ವರ್ಷಕ್ಕಿಂತ ಕಡಿಮೆ ಇದ್ದರೆ ಪಟ್ಟಿಯಿಂದ ಹೊಡೆದುಹಾಕಿ.

ಅರ್ಥಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. "ಅಣ್ಣ, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ" ಅಂತ ಬಹಳ ಜನ ಕೇಳುತ್ತಾರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥಿಂಗ್ ಪಿನ್ನಿಗೆ ಸೇರಿರುತ್ತವೆ. ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ಟಿಗೆ ಸುಮಾರು ಅರ್ಧ ವೋಲ್ಟೇಜ್, ಅಂದರೆ 115 ಹತ್ತಿರ ಬಂದು ಕೂರುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುತ್ತದೆ. ಆದರೆ ಸರ್ಜ್ ಬಂದಾಗ ಅದು ಹರಿದುಹೋಗಲು ದಾರಿಯೇ ಇರುವುದಿಲ್ಲ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಮೂರನೇ ಪಿನ್ ಮುರಿದು ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸುವವರಿಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತಿಡಿ, ನೆಟ್ ಕೇಬಲ್ಲೂ ಕಿತ್ತಿಡಿ. ನೇರ ಸಿಡಿಲಿಗೆ ಯಾವ ಎಸ್‌ಎಂಪಿಎಸ್ಸೂ ನಿಲ್ಲುವುದಿಲ್ಲ. ನಾನು ಹೇಳುತ್ತಿರುವುದು ದಿನಾ ಬರುವ ಚಿಕ್ಕ ಚಿಕ್ಕ ಏಟುಗಳ ಬಗ್ಗೆ.

"ದುಡ್ಡು ಎಲ್ಲಿಂದ ತರೋದು?" ಒಳ್ಳೆಯ 550 ವ್ಯಾಟಿನದಕ್ಕೆ ನಾಲ್ಕು ಸಾವಿರದ ಆಸುಪಾಸು ಆಗಬಹುದು. ಮಿಂಚುವ ಆರ್‌ಜಿಬಿ ಫ್ಯಾನ್ ತೆಗೆಯಿರಿ. ಗಾಜಿನ ಕ್ಯಾಬಿನೆಟ್ ಬಿಡಿ. 12400ಎಫ್ ಬಾಕ್ಸಿನಲ್ಲೇ ಕೂಲರ್ ಬರುತ್ತದೆ, ಅದಕ್ಕೆ ನೀರಿನ ಕೂಲರ್ ಯಾಕೆ? ಆ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವಂಥದ್ದೇ ಅಲ್ಲ, ಅಂದರೆ ನಿಗದಿಗಿಂತ ವೇಗವಾಗಿ ಓಡಿಸುವಂಥದ್ದಲ್ಲ, ಝೆಡ್ ಸರಣಿಯ ಮದರ್‌ಬೋರ್ಡ್ ಯಾಕೆ? ಬಿ660 ಸಾಕು. 850 ವ್ಯಾಟೂ ಬೇಡ. ಈ ಪಿಸಿಗೆ 550 ಧಾರಾಳ. ಎಲ್ಲಾ ಕತ್ತರಿಸಿದ ಮೇಲೂ ಸಾಲದಿದ್ದರೆ ಗ್ರಾಫಿಕ್ಸ್ ಕಾರ್ಡನ್ನೇ ಒಂದು ಮೆಟ್ಟಿಲು ಇಳಿಸಿ. ಹೌದು, ಇಳಿಸಿ ಅಂತಲೇ ಹೇಳಿದೆ. ಎಸ್‌ಎಂಪಿಎಸ್ ಮುಟ್ಟಬೇಡಿ.

"ನಂದು ಲೋಕಲ್ ಎಸ್‌ಎಂಪಿಎಸ್, ಐದು ವರ್ಷದಿಂದ ಓಡ್ತಿದೆ." ಸಂತೋಷ. ಹೆಲ್ಮೆಟ್ ಇಲ್ಲದೆ ಚಾರ್ಮಾಡಿ ಘಾಟಿ ಇಳಿದು ಬಂದವರೂ ಇದ್ದಾರೆ. ಅದನ್ನು ನೋಡಿ ನಾನು ನಿಮಗೆ ಹೆಲ್ಮೆಟ್ ಬೇಡ ಅನ್ನಲಾ?

"ಸ್ಟೆಬಿಲೈಸರ್ ಇದೆ." ಅದು ಟಕ್ ಟಕ್ ಅಂತ ರಿಲೇ ಬದಲಿಸುವಷ್ಟರಲ್ಲಿ ಸರ್ಜ್ ಬಂದು ಕೆಲಸ ಮುಗಿಸಿ ಹೋಗಿರುತ್ತದೆ.

"ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಲ್ಲರೂ ಇದೇ ಕೊಡ್ತಾರೆ." ಕೊಡಲಿ. ಅವರು ಇಡೀ ರಾಜ್ಯಕ್ಕೆ ಮಾರುತ್ತಾರೆ. ನಿಮ್ಮೂರಿನ ಟಿಸಿ ಅವರು ನೋಡಿದ್ದಾರಾ? ಎಲ್ಲರೂ ಕೊಡುತ್ತಾರೆ ಅನ್ನುವುದು ಒಂದು ಕಾರಣವಾ?

ಇನ್ನೊಬ್ಬರು, "ನಿಮಗೆ ಎಸ್‌ಎಂಪಿಎಸ್ ಕಂಪನಿ ದುಡ್ಡು ಕೊಟ್ಟಿದೆ." ಈ ವಿಡಿಯೋದಲ್ಲಿ ಯಾವ ಕಂಪನಿಯದನ್ನು ಕೊಳ್ಳಿ ಅಂತ ಹೇಳಿದೆ? ಹುಡುಕಿ ತೋರಿಸಿ. ಕೊಳ್ಳಿ ಅಂತ ಒಂದರ ಹೆಸರೂ ಹೇಳಿಲ್ಲ. ಈ ಚಾನೆಲ್ ನಡೆಯುವುದು ನಿಮ್ಮಂಥವರ ಮೆಂಬರ್‌ಶಿಪ್‌ನಿಂದ. ಬೇಕಾದರೆ ಜಾಯಿನ್ ಬಟನ್ ಒತ್ತಿ, ಬೇಡವಾದರೆ ಬಿಡಿ. ಎಸ್‌ಎಂಪಿಎಸ್ ಮಾತ್ರ ಒಳ್ಳೆಯದೇ ಹಾಕಿ.

ಮತ್ತೆ ಆ ಎಫ್‌ಪಿಎಸ್ ಮಾತು. ಎಫ್‌ಪಿಎಸ್ ಜಾಸ್ತಿ ಆಗಲ್ಲವಂತೆ! ಆನ್ ಆಗದ ಪಿಸಿಯಲ್ಲಿ ಎಫ್‌ಪಿಎಸ್ ಎಷ್ಟು? ಅಪ್ಪ ಅಮ್ಮ ಕಾಫಿ ಮಾರಿದ ದುಡ್ಡಲ್ಲಿ, ಮೆಣಸು ಮಾರಿದ ದುಡ್ಡಲ್ಲಿ ಮಗನಿಗೆ ಕೊಡಿಸುತ್ತಾರೆ. ಅದನ್ನು ಮೂರು ತಿಂಗಳಲ್ಲಿ ಸುಟ್ಟುಕೊಂಡು ಅವರ ಮುಂದೆ ಹೋಗಿ ನಿಲ್ಲಬೇಕಾ? ಇಂಥ ಸಲಹೆಗೆ ಲೈಕ್ ಒತ್ತಿದಿರಲ್ಲ, ಅದನ್ನು ನೋಡಿ ನನಗೆ ನಿಜವಾಗಿ ಸಿಟ್ಟು ಬಂದಿದೆ. ಬರೆದವರು ಮೂಡಿಗೆರೆಗೆ ಬಂದು ಹೊಸ ಕಾರ್ಡ್ ಕೊಡಿಸುತ್ತಾರಾ? ಇಲ್ಲ. ಹಾಗಾದರೆ ಸುಮ್ನೆ ಸಾಕು ಅನ್ನಬೇಡಿ. ಎಸ್‌ಎಂಪಿಎಸ್ ಮೊದಲು. ಎಸ್‌ಎಂಪಿಎಸ್ಸೇ ಮೊದಲು!

ಅಂಗಡಿಗೆ ಹೋದಾಗ ಇಷ್ಟು ಮಾಡಿ. ಕ್ಯಾಬಿನೆಟ್ ಬೇರೆ, ಎಸ್‌ಎಂಪಿಎಸ್ ಬೇರೆ ಎಂದು ಬಿಲ್ ಹಾಕಿಸಿ. ಬಾಕ್ಸ್ ನಿಮ್ಮ ಮುಂದೆಯೇ ತೆಗೆಸಿ. ಬಿಲ್ಲಿನಲ್ಲಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡನ್ನೂ ಬರೆಸಿ. "ಎಸ್‌ಎಂಪಿಎಸ್ 1" ಅಂತ ಮಾತ್ರ ಬರೆದ ಬಿಲ್ಲಿಗೆ ಆಮೇಲೆ ವಾರಂಟಿ ಕೊಡುವವರು ಯಾರೂ ಇಲ್ಲ. ಭಾನುವಾರ ಸಂಜೆ ಲೈವ್ ಇದೆ. ನಿಮ್ಮ ಎಸ್‌ಎಂಪಿಎಸ್ ಲೇಬಲ್ಲಿನ ಫೋಟೋ ತೆಗೆದು ಗುಂಪಿಗೆ ಹಾಕಿ. ಸ್ಪಷ್ಟವಾಗಿ ತೆಗೆಯಿರಿ, ಆ ಚಿಕ್ಕ ಟೇಬಲ್ ಕಾಣಬೇಕು. ಒಂದೊಂದನ್ನೇ ತೆಗೆದುಕೊಂಡು ಇಡೋದಾ, ಬದಲಿಸೋದಾ ಅಂತ ಹೇಳುತ್ತೇನೆ.