ಹಳೇ ಸೇತುವೆಯ ಬುಡ ನೋಡಿ

ನಮಸ್ಕಾರ ಎಲ್ಲರಿಗೂ. ಕುಶಾಲನಗರದಿಂದ ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ಸೇತುವೆ. ನಮ್ಮ ಕಾವೇರಿ ಮೇಲಿನ ಹಳೇ ಸೇತುವೆಗಳು, ಅದರಲ್ಲೂ ಶ್ರೀರಂಗಪಟ್ಟಣದ ಕಲ್ಲಿನ ಸೇತುವೆ.

ಕೊಡಗಿನವರಿಗೂ ಶ್ರೀರಂಗಪಟ್ಟಣದ ಸೇತುವೆಗೂ ಏನು ಸಂಬಂಧ ಅಂತ ಕೇಳಬಹುದು. ತುಂಬಾ ಇದೆ. ಭಾಗಮಂಡಲದಲ್ಲಿ ಮಳೆ ಹಿಡಿದರೆ ಆ ನೀರು ಬೇತ್ರಿ, ಸಿದ್ದಾಪುರ, ಕುಶಾಲನಗರ ದಾಟಿ, ಕೂಡಿಗೆಯಲ್ಲಿ ಹಾರಂಗಿಯನ್ನೂ ಸೇರಿಸಿಕೊಂಡು ಕೆಆರ್‌ಎಸ್‌ಗೆ ಹೋಗುತ್ತದೆ. ಅಲ್ಲಿ ಡ್ಯಾಮ್ ತುಂಬಿ ಗೇಟು ತೆಗೆದರೆ ಮೊದಲು ಸಿಗುವ ದೊಡ್ಡ ಊರೇ ಶ್ರೀರಂಗಪಟ್ಟಣ. ನಮ್ಮ ಮಳೆಯೇ ಆ ಕಂಬಗಳಿಗೆ ಬಡಿಯುವುದು. ಇಲ್ಲಿ ಅಂಗಳದಲ್ಲಿ ನಿಂತು 'ಈ ಸಲ ಹೊಳೆ ಜೋರಿದೆ' ಅಂತ ನಾವು ಹೇಳಿದರೆ, ಕೆಲವು ದಿನ ಬಿಟ್ಟು ಅಲ್ಲಿ ಪೊಲೀಸರು ಸೇತುವೆಗೆ ಬ್ಯಾರಿಕೇಡ್ ಇಡುತ್ತಾರೆ.

ನಮ್ಮಲ್ಲಿ ಜಾಸ್ತಿ ಜನ ಬೆಂಗಳೂರಿಗೆ ಹೋಗುವಾಗ ಇಲವಾಲದಲ್ಲಿ ಎಡಕ್ಕೆ ತಿರುಗಿ, ಕೆಆರ್‌ಎಸ್ ರಸ್ತೆ ಹಿಡಿದು, ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಸೇರುತ್ತೇವೆ. ಸೇರಿದ ಮೇಲೆ ಹೊಸ ಸೇತುವೆಯಲ್ಲಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೊಳೆ ದಾಟಿರುತ್ತೇವೆ. ಇನ್ನೊಂದು ಸಲ ಹೋದಾಗ ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿ. ಊರಿನ ಉತ್ತರಕ್ಕೆ ಹರಿಯುವ ಕಾವೇರಿಯ ಕವಲಿನ ಮೇಲೆ, ನಾನು ಹೇಳಿದ ಕಲ್ಲಿನ ಸೇತುವೆ, ವೆಲ್ಲೆಸ್ಲಿ ಸೇತುವೆ ಇದೆ. ನಡೆದು ಹೋಗಿ ನೋಡಿ.

1799ರಲ್ಲಿ ಟಿಪ್ಪು ಸತ್ತ ಮೇಲೆ, ಚಿಕ್ಕ ಹುಡುಗನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ್ ಹೆಸರಿನಲ್ಲಿ ರಾಜ್ಯ ನಡೆಸಿದವರು ದಿವಾನ್ ಪೂರ್ಣಯ್ಯ. ಅವರು ಕಟ್ಟಿಸಿದ ಸೇತುವೆ ಇದು. 1804ರಲ್ಲಿ ಮುಗಿಯಿತು. ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಹೆಸರು ಯಾರದ್ದೇ ಇರಲಿ, ಕೆಲಸ ಪೂರ್ತಿ ನಮ್ಮ ಕಲ್ಲುಕುಟಿಗರದ್ದು. ಕಮಾನು ಇಲ್ಲ, ಕಬ್ಬಿಣ ಇಲ್ಲ. ಹೊಳೆಯಲ್ಲಿ ಸಾಲು ಸಾಲು ಕಲ್ಲಿನ ಕಂಬ, ಕಂಬದ ಮೇಲೆ ಎರಡೂ ಕಡೆ ಚಾಚಿದ ಕಲ್ಲಿನ ಬೋದಿಗೆ, ಬೋದಿಗೆಯ ಮೇಲೆ ಉದ್ದದ ಕಲ್ಲಿನ ತೊಲೆ. ನಮ್ಮ ದೇವಸ್ಥಾನದ ಮಂಟಪ ಕಟ್ಟುವ ಕ್ರಮ ಇದೆಯಲ್ವಾ, ಅದನ್ನೇ ತಂದು ಹೊಳೆಯ ನಡುವೆ ನಿಲ್ಲಿಸಿದ್ದಾರೆ.

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ ಒಂದಿದೆ. ಸೇತುವೆ ಕಟ್ಟುವಾಗ ಕೆಆರ್‌ಎಸ್ ಇರಲಿಲ್ಲ. ಅಣೆಕಟ್ಟಿನ ಕೆಲಸ ಶುರುವಾಗಿದ್ದೇ 1911ರಲ್ಲಿ. ಅಂದರೆ ನೂರು ವರ್ಷಕ್ಕೂ ಮಿಕ್ಕಿ ಕೊಡಗಿನ ಮಳೆಗಾಲ ಯಾವ ತಡೆಯೂ ಇಲ್ಲದೆ ನೇರವಾಗಿ ಈ ಕಂಬಗಳ ಮೇಲೆ ಬಂದಿದೆ. 1924ರ ದೊಡ್ಡ ಪ್ರವಾಹ ಬಂದಾಗಲೂ ಅಣೆಕಟ್ಟು ಪೂರ್ತಿ ಮುಗಿದಿರಲಿಲ್ಲ. ಸೇತುವೆ ನಿಂತಿತು, ಈಗಲೂ ನಿಂತಿದೆ.

ಆದರೆ ಕಲ್ಲಿನ ಸೇತುವೆ ಅಂದ ಮಾತ್ರಕ್ಕೆ ತನ್ನಷ್ಟಕ್ಕೆ ತಾನೇ ನಿಂತಿರುತ್ತದೆ ಅಂತ ಅಂದುಕೊಳ್ಳಬೇಡಿ. ಇನ್ನೂ ಕೆಳಗೆ ಶಿವನಸಮುದ್ರಕ್ಕೆ ಹೋಗಿ. ಅಲ್ಲೂ 1830ರ ಆಸುಪಾಸಿನಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಕಲ್ಲಿನ ಸೇತುವೆ ಇದೆ. ಆ ಕಡೆಯವರು ವೆಸ್ಲಿ ಸೇತುವೆ ಅಂತಲೇ ಕರೆಯುವುದು. 2018ರ ಆಗಸ್ಟ್ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. 2018ರ ಆಗಸ್ಟ್ ಅಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಗುಡ್ಡಗಳು ಕುಸಿದು, ಮನೆಗಳು ಹೋಗಿ, ಜನ ಪರಿಹಾರ ಕೇಂದ್ರಗಳಲ್ಲಿ ಮಲಗಿದ ತಿಂಗಳು ಅದು. ಇಲ್ಲಿ ನಮಗೆ ಕಣ್ಣೀರು ತರಿಸಿದ ನೀರೇ ಅಲ್ಲಿ ಆ ಕಂಬಗಳನ್ನು ಬೀಳಿಸಿತು.

ಇಂಥ ಸೇತುವೆಗೆ ಅಪಾಯ ಎಲ್ಲಿಂದ ಬರುತ್ತದೆ? ಮೇಲಿಂದ ಕಮ್ಮಿ, ಕೆಳಗಿಂದ ಜಾಸ್ತಿ. ನೀರು ರಭಸವಾಗಿ ಬಂದು ಕಂಬಕ್ಕೆ ಬಡಿದಾಗ ಸ್ವಲ್ಪ ನೀರು ಕೆಳಕ್ಕೆ ನುಗ್ಗುತ್ತದೆ. ಅಲ್ಲಿ ಸುಳಿ ಏಳುತ್ತದೆ. ಆ ಸುಳಿ ಕಂಬದ ಬುಡದ ಮರಳನ್ನೂ ಮಣ್ಣನ್ನೂ ಕೊರೆದು ಹೊಂಡ ಮಾಡುತ್ತದೆ. ತಳ ಬಂಡೆಯಾಗಿದ್ದರೆ ಬಚಾವ್. ಮರಳಾಗಿದ್ದರೆ ಕಂಬದ ಕಾಲೇ ಸಡಿಲ. ಮೋಸದ ವಿಷಯ ಏನೆಂದರೆ, ಪ್ರವಾಹ ಇಳಿಯುವಾಗ ಅದೇ ಹೊಳೆ ಆ ಹೊಂಡಕ್ಕೆ ಮರಳು ತಂದು ತುಂಬಿಸಿಬಿಡುತ್ತದೆ. ಮೇಲಿಂದ ನೋಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ, ಆದರೆ ಒಳಗೆ ಇರುವುದು ಗಟ್ಟಿಯಿಲ್ಲದ ಸಡಿಲ ಮರಳು, ಮುಂದಿನ ಮಳೆಗಾಲಕ್ಕೆ ಮೊದಲ ರಭಸಕ್ಕೇ ಎದ್ದು ಹೋಗುವಂಥದ್ದು. ಇದರ ಮೇಲೆ ಸೇತುವೆಯ ಹತ್ತಿರವೇ ಮರಳು ತೆಗೆದರೆ ಕೇಳುವುದೇ ಬೇಡ.

ಇನ್ನೊಂದು ಕಾಟ ಮರದ ದಿಮ್ಮಿಗಳದ್ದು. ನಮ್ಮ ಕಡೆ ದಡ ಕುಸಿದಾಗ ಬಿದಿರು ಮೆಳೆ ಬುಡಸಮೇತ ತೇಲಿ ಬರುತ್ತದೆ. ಒಂದು ಮೆಳೆ ಎರಡು ಕಂಬಗಳ ನಡುವೆ ಅಡ್ಡ ಸಿಕ್ಕಿಹಾಕಿಕೊಂಡರೆ ಸಾಕು. ಅದಕ್ಕೆ ಬಳ್ಳಿ, ಪ್ಲಾಸ್ಟಿಕ್, ಹರಿದ ಟಾರ್ಪಾಲು, ಹಾಳಾದ ಪೈಪು, ಎಲ್ಲ ಬಂದು ಸೇರಿ ಸ್ವಲ್ಪ ಹೊತ್ತಿಗೇ ಗೋಡೆ ಕಟ್ಟಿದ ಹಾಗೆ ಆಗುತ್ತದೆ. ಆಗ ಹೊಳೆ ತಳ್ಳುವುದು ಕಂಬವನ್ನು ಮಾತ್ರ ಅಲ್ಲ, ಆ ಇಡೀ ಗೋಡೆಯನ್ನು. ಹೋಗಲು ಜಾಗ ಸಿಗದ ನೀರು ಪಕ್ಕದ ಮನೆ, ತೋಟಕ್ಕೆ ನುಗ್ಗುತ್ತದೆ. ಸೇತುವೆ ಮೇಲೆ ಗಾಡಿ ನಿಲ್ಲಿಸಿ ಕೋಳಿ ಅಂಗಡಿಯ ಕಸದ ಚೀಲ ಕೆಳಗೆಸೆದು ಹೋಗುವವರಿಗೆ ಇದನ್ನೇ ಹೇಳುತ್ತಿದ್ದೇನೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತಂದು ದೇವರ ಮುಂದೆ ಇಡುವ ಜನ ನಾವು. ಅದೇ ಹೊಳೆಗೆ ಚೀಲ ಎಸೆಯೋಕೆ ಮನಸ್ಸಾದರೂ ಹೇಗೆ ಬರುತ್ತದೆ?

ಮೂರನೆಯದು ಗಿಡ. ಹಳೇ ಕಲ್ಲುಗಳ ಸಂದಿಯಲ್ಲಿ ಹಕ್ಕಿ ಹಿಕ್ಕೆ ಹಾಕಿ ಅರಳಿ ಗಿಡ ಹುಟ್ಟುತ್ತದೆ. ಎರಡೇ ಎಲೆ ಇರುವಾಗ ಕೈಯಲ್ಲಿ ಕಿತ್ತರೆ ಬರುತ್ತದೆ. ಬಿಟ್ಟರೆ ಬೇರು ಕಲ್ಲಿನ ಸಂದಿ ಹುಡುಕಿಕೊಂಡು ಒಳಗೆ ಹೋಗುತ್ತದೆ, ಹೆಬ್ಬೆರಳಿನಷ್ಟು ದಪ್ಪ ಆಗುತ್ತದೆ, ಕಲ್ಲನ್ನೇ ಪಕ್ಕಕ್ಕೆ ಸರಿಸುತ್ತದೆ. ಆಮೇಲೆ ಮೇಲಿನ ಕೊಂಬೆ ಕಡಿದು ಫೋಟೋ ತೆಗೆಸಿಕೊಂಡರೆ ಪ್ರಯೋಜನ ಇಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. ವರ್ಷಕ್ಕೊಂದು ಸಲ ಇಬ್ಬರು ಆಳು ಹೋಗಿ ಸಣ್ಣ ಗಿಡ ಕಿತ್ತರೆ ಮುಗಿಯುವ ಕೆಲಸವನ್ನು ಹತ್ತು ವರ್ಷ ಬಿಟ್ಟು, ಆಮೇಲೆ 'ದುರಸ್ತಿಗೆ ಕೋಟಿ ಬೇಕು' ಅನ್ನುವುದು ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ.

ಇದೆಲ್ಲ ಆಗುವುದಕ್ಕೆ ಕಾರಣ ಒಂದೇ. ಹೊಸ ಸೇತುವೆ ಬಂದ ದಿನವೇ ಹಳೇದನ್ನು ನಾವು ಮರೆತುಬಿಡುತ್ತೇವೆ. ಗಾಡಿ ಓಡದಿದ್ದರೆ ಅದು ಸೇತುವೆಯೇ ಅಲ್ಲ ಅನ್ನುವ ಭಾವನೆ. ಗಾಡಿ ಓಡಬಾರದು, ಸರಿ. ಎತ್ತಿನಗಾಡಿ ಕಾಲದಲ್ಲಿ ಕಟ್ಟಿದ ಸೇತುವೆ ಮೇಲೆ ಟಿಪ್ಪರ್ ಬಿಡೋದು ತಪ್ಪೇ. ಆದರೆ ನಡೆಯುವವರಿಗೆ ಕೊಡಬಹುದಲ್ವಾ? ಶಾಲೆ ಮಕ್ಕಳಿಗೆ, ಸೈಕಲ್‌ನವರಿಗೆ, ಸಂಜೆ ಗಾಳಿಗೆ ಬಂದು ಕೂರುವ ಅಜ್ಜ ಅಜ್ಜಿಯರಿಗೆ? ಜನ ದಿನಾ ಓಡಾಡುವ ಜಾಗದಲ್ಲಿ ಒಂದು ಕಲ್ಲು ಸರಿದರೂ ಯಾರಾದರೂ ನೋಡುತ್ತಾರೆ, ಹೇಳುತ್ತಾರೆ. ಯಾರೂ ಹೋಗದ ಸೇತುವೆ ಬೀಳುವವರೆಗೂ ಸುದ್ದಿಯೇ ಆಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. ಭಾಗಮಂಡಲದಲ್ಲಿ ಮೊದಲೆಲ್ಲ ಸಂಗಮ ತುಂಬಿದರೆ ರಸ್ತೆ ಮುಳುಗಿ ದೋಣಿಯಲ್ಲಿ ಜನರನ್ನು ದಾಟಿಸಬೇಕಿತ್ತು. ಈಗ ಅಲ್ಲಿ ಮೇಲ್ಸೇತುವೆ ಇದೆ. ಮಣ್ಣು ತುಂಬಿಸಿ ರಸ್ತೆ ಎತ್ತರಿಸಿದ್ದರೆ ಅದೇ ಒಂದು ಒಡ್ಡಾಗಿ ನೀರನ್ನು ಊರೊಳಗೆ ತಳ್ಳುತ್ತಿತ್ತು. ಕಂಬದ ಮೇಲೆ ರಸ್ತೆ ಹೋದರೆ ಅಡಿಯಲ್ಲಿ ನೀರು ತನ್ನ ಪಾಡಿಗೆ ಹೋಗುತ್ತದೆ. ತೂಗುಸೇತುವೆಗಳೂ ಹಾಗೆ, ಹೊಳೆಯ ನಡುವೆ ಕಂಬವೇ ಬೇಡ. ನಿಸರ್ಗಧಾಮದ್ದು, ಕಣಿವೆಯದ್ದು ನೀವು ನೋಡಿದ್ದೀರಿ. ಪಕ್ಕದ ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ ಶುರು ಮಾಡಿ, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಊರಿನವರೇ ಕೈಜೋಡಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿ ಇದೆ.

ಹಾಗಾಗಿ ನನ್ನ ಒತ್ತಾಯ ಇಷ್ಟು. ಮಾರ್ಚ್, ಏಪ್ರಿಲ್‌ನಲ್ಲಿ ಹೊಳೆ ಬತ್ತಿ ಬಂಡೆ ಕಾಣುವ ಹೊತ್ತಿಗೆ ಎಂಜಿನಿಯರುಗಳು ಕೆಳಗಿಳಿದು ಒಂದೊಂದು ಕಂಬದ ಬುಡವನ್ನೂ ನೋಡಬೇಕು. ಸುಮ್ನೆ ಮೇಲೆ ನಿಂತು ನೋಡಿದರೆ ಸಾಲದು, ಕಂಬದ ಸುತ್ತ ಕೋಲು ಇಳಿಸಿ ಮರಳು ಗಟ್ಟಿಯೋ ಸಡಿಲವೋ ಪರೀಕ್ಷಿಸಬೇಕು. ನೋಡಿದ್ದನ್ನು ಬರೆದು ಪಂಚಾಯಿತಿ, ಪುರಸಭೆ ಬೋರ್ಡಿಗೆ ಹಾಕಬೇಕು, ನಾವೂ ಓದಬೇಕು. ಮಳೆ ಶುರುವಾಗುವ ಮುಂಚೆ ಸಿಕ್ಕಿಕೊಂಡ ದಿಮ್ಮಿ, ಕಸ ತೆಗೆಯಬೇಕು. ಈ ಕೆಲಸಕ್ಕೆ ಸಂಘದವರು, ಕಾಲೇಜು ಹುಡುಗರು ಖಂಡಿತ ಬರುತ್ತಾರೆ, 2018ರಲ್ಲಿ ಯಾರೂ ಕರೆಯದೆ ಬಂದವರು ಅವರೇ.

ಇನ್ನೊಂದು ಖರ್ಚಿಲ್ಲದ ಕೆಲಸ. ಬೇತ್ರಿಯಿಂದ ಹಿಡಿದು ಕುಶಾಲನಗರದ ಪಕ್ಕದ ಕೊಪ್ಪದವರೆಗೆ ಪ್ರತಿ ಸೇತುವೆಯ ಕಂಬದ ಮೇಲೆ 2018ರಲ್ಲಿ ನೀರು ಎಲ್ಲಿಯವರೆಗೆ ಬಂತು, 2019ರಲ್ಲಿ ಎಲ್ಲಿಯವರೆಗೆ ಬಂತು ಅಂತ ಬಣ್ಣದಲ್ಲಿ ಗೆರೆ ಎಳೆದು ವರ್ಷ ಬರೆಯಿರಿ. ಆ ಮಟ್ಟ ನೋಡಿದವರು ಇನ್ನೂ ಊರಲ್ಲಿದ್ದಾರೆ. ಅವರನ್ನೇ ಕರೆದುಕೊಂಡು ಹೋಗಿ, ಕೈ ತೋರಿಸಿದ ಕಡೆ ಗುರುತು ಹಾಕಿ. ಹೊಳೆದಡದಲ್ಲಿ ಸೈಟು ತೆಗೆದುಕೊಳ್ಳೋಕೆ ಬರುವವರು ಅಡ್ವಾನ್ಸ್ ಕೊಡುವ ಮುಂಚೆ ಆ ಗೆರೆ ನೋಡಿಕೊಂಡು ಹೋಗಲಿ.